ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋದಾಗ
(ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕ್ಯಾನ್ಸರ್ ಎಂಬ ವ್ಯಾಧಿಯು ಅನೇಕ ವೇಳೆ ಒಂಟಿಯಾಗಿ ಬರುವುದಿಲ್ಲ. ನಡುವಯಸ್ಸು ದಾಟಿದ ತಾಯಿಗೋ ತಂದೆಗೋ ಅದು ತಗಲುವ ಹೊತ್ತಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ದೌರ್ಬಲ್ಯ, ಇವುಗಳಲ್ಲಿ ಒಂದೆರಡು ಮೊದಲೇ ಮನೆಮಾಡಿಕೊಂಡಿರುತ್ತವೆ. ಹೊಸ ವ್ಯಾಧಿಯ ಭಯದಲ್ಲಿ ಮನೆಯವರು ಹಳೆಯವನ್ನು ಮರೆಯುತ್ತಾರೆ. ಶಸ್ತ್ರವೈದ್ಯರು ಮರೆಯುವಂತಿಲ್ಲ.

ನಮ್ಮ ವಿದ್ಯಾರ್ಥಿನಿಯೊಬ್ಬಳ ತಾಯಿಗೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯ ದಿನ ನಿಶ್ಚಯವಾಗಿತ್ತು. ರಕ್ತದಲ್ಲಿ ಸಕ್ಕರೆ ಮಿತಿಮೀರಿದ್ದುದರಿಂದ ವೈದ್ಯರು ಅದನ್ನು ಎರಡು ವಾರ ಮುಂದಕ್ಕೆ ಹಾಕಿದರು. ‘ಆಸೆಯಿಲ್ಲವೆಂದೇ ಹಿಂದಕ್ಕೆ ಕಳುಹಿಸಿದ್ದಾರೆ’ ಎಂದು ಬಂಧುಗಳು ತೀರ್ಮಾನಿಸಿ, ನಾಟಿ ಔಷಧಕ್ಕೆ ಕರೆದೊಯ್ಯಲು ಸಿದ್ಧರಾದರು. ತಡೆದವಳು ಆ ಹುಡುಗಿ. ಚೀಟಿಯನ್ನು ಓದಿ, ಹಾಗೆ ಎಲ್ಲಿಯೂ ಬರೆದಿಲ್ಲವೆಂದು ಹಟಹಿಡಿದಳು. ಎರಡು ವಾರ ಇನ್ಸುಲಿನ್, ಮಿತವಾದ ನಡಿಗೆ, ಹೊತ್ತಿಗೆ ಸರಿಯಾಗಿ ಊಟ. ಬಳಿಕ ಶಸ್ತ್ರಚಿಕಿತ್ಸೆಯೂ ನಡೆಯಿತು. ವ್ಯಾಧಿ ಪೂರ್ಣ ನೀಗಿತೆಂದು ಹೇಳಲು ಇನ್ನೂ ಕಾಲ ಬಂದಿಲ್ಲ. ಗಾಯ ಮಾತ್ರ ಚೆನ್ನಾಗಿ ಮಾಯ್ದಿದೆ.

ಸಕ್ಕರೆ ಹೆಚ್ಚಿದ್ದರೆ ಗಾಯ ಬೇಗ ಕೂಡುವುದಿಲ್ಲ, ಕೀವುಗಟ್ಟುವ ಅಪಾಯವೂ ಅಧಿಕ. 1922ರಲ್ಲಿ ಟೊರಾಂಟೊ ನಗರದಲ್ಲಿ ಇನ್ಸುಲಿನ್ ಮೊದಲ ಬಾರಿಗೆ ರೋಗಿಗೆ ದೊರೆಯುವವರೆಗೂ ಮಧುಮೇಹಿಗಳ ಮೈಮೇಲೆ ಕತ್ತಿಯಿಡಲು ವೈದ್ಯರು ಹಿಂಜರಿಯುತ್ತಿದ್ದರು. ಆದುದರಿಂದ ವೈದ್ಯರು ಹೇಳಿದ ಈ ಕಾಯುವಿಕೆಯೂ ಚಿಕಿತ್ಸೆಯ ಒಂದು ಭಾಗವೇ. ತಂದೆಯವರು ಬೀಡಿ ಬಿಡುವುದಕ್ಕೂ ಇದೇ ಸಮಯ.

ಗಡಿಯವರಾದ ನಮಗೆ ಇನ್ನೊಂದು ತೊಡಕುಂಟು. ಊರಿನ ಆರೋಗ್ಯ ಕೇಂದ್ರದಲ್ಲಿ ತಮಿಳು, ಮಾತ್ರೆಯ ಮೇಲೆ ಇಂಗ್ಲಿಷು, 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋದರೆ ಕನ್ನಡ. 2021ರ ಆಗಸ್ಟ್ 5ರಂದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿಯೇ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಆರಂಭವಾಯಿತು. ಸಕ್ಕರೆ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ಮನೆಬಾಗಿಲಿಗೆ ತಂದುಕೊಡುವ ಏರ್ಪಾಡು ಅದು. (ತಮಿಳಿನಲ್ಲಿ ‘ಮಕ್ಕಳ್’ ಎಂದರೆ ಜನರು, ನಮ್ಮ ಕಿರಿಯ ತರಗತಿಯವರು ತಮ್ಮ ಹೆಸರೆಂದು ಹಿಗ್ಗಬಾರದು.) ಆದರೆ ಆ ಮಾತ್ರೆಗಳ ಸಂಗತಿಯನ್ನು ಬೆಂಗಳೂರಿನ ವೈದ್ಯರಿಗೆ ತಿಳಿಸುವವರು ಯಾರು?

ಮೂರು ಭಾಷೆಗಳನ್ನೂ ಓದಬಲ್ಲವರು ಮನೆಯಲ್ಲಿ ನೀವೇ, ಮಕ್ಕಳೇ. ಒಂದು ನೋಟುಪುಸ್ತಕದಲ್ಲಿ ಪ್ರತಿಯೊಂದು ಮಾತ್ರೆಯ ಹೆಸರು, ಪ್ರಮಾಣ, ನುಂಗುವ ಹೊತ್ತು, ಸಕ್ಕರೆಯ ಲೆಕ್ಕ, ಹಿಂದೆ ಮೈಗೆ ಒಗ್ಗದೆ ಹೋದ ಔಷಧ, ಎಲ್ಲವನ್ನೂ ಬರೆದಿಡಿ. ರಕ್ತ ತೆಳುಮಾಡುವ ಮಾತ್ರೆಯಿದ್ದರೆ ಅದನ್ನು ಅವಶ್ಯವಾಗಿ ತೋರಿಸಿ. ನಿಲ್ಲಿಸುವುದೋ ಮುಂದುವರಿಸುವುದೋ ವೈದ್ಯರ ತೀರ್ಮಾನ. ಹೊಟ್ಟೆ ಬರಿದಾಗಿರಬೇಕೆಂದ ಹೊತ್ತಿನಲ್ಲಿ ಅಕ್ಕರೆಯಿಂದ ಕದ್ದು ಕೊಟ್ಟ ಒಂದು ಲೋಟ ಕಾಫಿಯು, ಅರಿವಳಿಕೆಯಲ್ಲಿ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ.

ಪೋಷಕರು ತಮ್ಮ ಕಾಯಿಲೆಯನ್ನು ಮಕ್ಕಳಿಂದ ಬಚ್ಚಿಡಬಾರದೆಂದು ಕೋರುತ್ತೇವೆ. ಆಸ್ಪತ್ರೆಗೆ ಹೋಗುವ ದಿನ ರಜೆಯ ಅರ್ಜಿಯಲ್ಲಿ ನಿಜವಾದ ಕಾರಣವನ್ನೇ ಬರೆಯಲಿ. ತಪ್ಪಿದ ಪಾಠವನ್ನು ಸಾಯಂಕಾಲ ನಾವು ಹೇಳಿಕೊಡುತ್ತೇವೆ.