ವೆಬ್‌ಸೈಟ್ ಫ್ರೇಮ್‌ವರ್ಕ್ ಆರಿಸೋ ಮುಂಚೆ ಅಮ್ಮನ ಫೋನ್ ಕೇಳಿ ಇಸ್ಕೊಳ್ಳಿ

ಇವತ್ತು ನಾನೇ ಮಾಡಿಕೊಂಡ ಒಂದು ಎಡವಟ್ಟಿನಿಂದ ಮಾತು ಶುರು ಮಾಡ್ತೀನಿ.

ನಮ್ಮ ಪಾಡ್‌ಕಾಸ್ಟ್‌ಗೆ ಒಂದು ವೆಬ್‌ಸೈಟ್ ಬೇಕಿತ್ತು. ಡೆವಲಪರ್‌ಗೆ ಕೊಡೋಷ್ಟು ದುಡ್ಡಿರಲಿಲ್ಲ. ನಾನು ಓದಿದ್ದು ಬಿ.ಕಾಂ., ಆದ್ರೂ ವಿಡಿಯೋ ನೋಡ್ಕೊಂಡು ನಾನೇ ಕೂತೆ. ಎಲ್ಲರೂ ಹೊಗಳ್ತಿದ್ದ ಒಂದು ಫ್ರೇಮ್‌ವರ್ಕ್ ತಗೊಂಡು ಎರಡು ವಾರ ರಾತ್ರಿ ನಿದ್ದೆಗೆಟ್ಟು ಕಟ್ಟಿದೆ. ಲ್ಯಾಪ್‌ಟಾಪ್‌ನಲ್ಲಿ ಸೂಪರ್ ಆಗಿ ಕಾಣ್ತಿತ್ತು. ಲಿಂಕ್ ಹಾಕಿದ ದಿನ ಅಮ್ಮ ತಮ್ಮ ಫೋನ್‌ನಲ್ಲಿ ತೆಗೆದು, "ಏನೋ ಇದು, ಒತ್ತೋದು ಎಲ್ಲಿ?" ಅಂದ್ರು. ನೋಡಿದ್ರೆ ಪ್ಲೇ ಬಟನ್ ಸ್ಕ್ರೀನ್‌ನಿಂದ ಆಚೆ ಹೋಗಿದೆ! ಅವತ್ತು ಬಂದ ಕೇಳುಗರಲ್ಲಿ ಎಷ್ಟು ಜನ ಹಾಗೇ ವಾಪಸ್ ಹೋದ್ರೋ ಗೊತ್ತಿಲ್ಲ.

ತಪ್ಪು ಫ್ರೇಮ್‌ವರ್ಕಿನದ್ದಲ್ಲ, ನನ್ನದೇ. ಡಿಸೈನ್ ಮಾಡುವಾಗ ಡೆಮೊದಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನೇ ಬಿಟ್ಟು ನೋಡಿದ್ದೆ. ಕೊನೆಗೆ ಕನ್ನಡ ಹಾಕಿದೆ. ಶೀರ್ಷಿಕೆಯಲ್ಲಿ 'ಉಳಿತಾಯಮಾಡಬೇಕೆಂದುಕೊಂಡವರಿಗೆ' ಅನ್ನೋ ಒಂದೇ ಪದ ಇತ್ತು. ದೊಡ್ಡ ಅಕ್ಷರದಲ್ಲಿ ಅದು ಸಣ್ಣ ಸ್ಕ್ರೀನ್‌ನಲ್ಲಿ ಹಿಡಿಸದೆ, ಪಕ್ಕದ ಬಟನ್ನನ್ನ ಆಚೆ ತಳ್ಳಿತ್ತು. ಜೊತೆಗೆ ಎರಡು ಸಾಲಿನ ಶೀರ್ಷಿಕೆಗಳಲ್ಲಿ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗ್ತಿದ್ವು.

ಸರಿ, ಹಾಗಾದ್ರೆ ಹೇಗೆ ಆರಿಸೋದು?

ಮೊದಲು ಒಂದು ಗೊಂದಲ ಬಿಡಿಸ್ಕೊಳ್ಳೋಣ. ರಿಯಾಕ್ಟ್, ವ್ಯೂ ಇವೆಲ್ಲ ಬೇರೆ ಕೆಲಸಕ್ಕೆ. ನಾನು ಹೇಳ್ತಿರೋದು ಪುಟದ ರೂಪ ನೋಡಿಕೊಳ್ಳೋ ಸಿಎಸ್‌ಎಸ್ ಫ್ರೇಮ್‌ವರ್ಕ್ ಬಗ್ಗೆ. ಒಂದೇ ಪುಟ ಫೋನ್‌ಗೂ ಲ್ಯಾಪ್‌ಟಾಪ್‌ಗೂ ತಾನೇ ಹೊಂದಿಕೊಳ್ಳಬೇಕು. ಇದಕ್ಕೆ 'ರೆಸ್ಪಾನ್ಸಿವ್ ವೆಬ್ ಡಿಸೈನ್' ಅಂತ 2010ರಲ್ಲಿ ಹೆಸರಿಟ್ಟವರು ಈಥನ್ ಮಾರ್ಕಾಟ್.

ಅದರ ಮರುವರ್ಷವೇ, 2011ರಲ್ಲಿ, ಟ್ವಿಟರ್‌ನಲ್ಲಿ ಕೆಲಸ ಮಾಡ್ತಿದ್ದ ಮಾರ್ಕ್ ಓಟೊ ಮತ್ತು ಜೇಕಬ್ ಥಾರ್ನ್‌ಟನ್ ಅವರ ಬೂಟ್‌ಸ್ಟ್ರಾಪ್ ಎಲ್ಲರಿಗೂ ಉಚಿತವಾಗಿ ಸಿಕ್ತು. ಪುಟವನ್ನ 12 ಕಾಲಂ ಮಾಡಿ ಹಂಚಿಕೊಳ್ಳೋದು ಇದರ ಲೆಕ್ಕ. ಬಟನ್, ಮೆನು, ಕಾರ್ಡ್ ಎಲ್ಲ ರೆಡಿಮೇಡ್. ಹೊಸಬರಿಗೆ ಸುಲಭ. ಆದ್ರೆ ಏನೂ ಬದಲಾಯಿಸದೆ ಬಿಟ್ರೆ ನಿಮ್ಮ ಸೈಟ್ ಪಕ್ಕದವರ ಸೈಟ್ ಥರಾನೇ ಕಾಣುತ್ತೆ.

2017ರಲ್ಲಿ ಬಂದ ಟೇಲ್‌ವಿಂಡ್ ಬಟ್ಟೆ ಹೊಲಿಸಿದ ಹಾಗೆ. ಸಣ್ಣ ಸಣ್ಣ ಕ್ಲಾಸ್ ಸೇರಿಸಿ ನಿಮಗೆ ಬೇಕಾದ ರೂಪ ನೀವೇ ಮಾಡ್ಕೋಬೇಕು. ನೀವು ಬಳಸಿದ ಕ್ಲಾಸ್‌ಗಳನ್ನ ಮಾತ್ರ ಉಳಿಸಿಕೊಳ್ಳೋದ್ರಿಂದ ಫೈಲ್ ಚಿಕ್ಕದಾಗಿರುತ್ತೆ. ಆದ್ರೆ ಅದಕ್ಕೊಂದು ಬಿಲ್ಡ್ ಹಂತ ಬೇಕು. ಆರು ತಿಂಗಳು ಬಿಟ್ಟು ಬಂದಾಗ ಅದೆಲ್ಲ ನೆನಪಿರುತ್ತಾ, ಕೇಳ್ಕೊಳ್ಳಿ. ಬುಲ್ಮಾ ಇನ್ನೊಂದು, ಅದರಲ್ಲಿ ಜಾವಾಸ್ಕ್ರಿಪ್ಟ್ ಇಲ್ಲವೇ ಇಲ್ಲ, ಬರೀ ಸಿಎಸ್‌ಎಸ್. ಮೂರ್ನಾಲ್ಕು ಪುಟದ ಸೈಟ್ ಆದ್ರೆ ಫ್ರೇಮ್‌ವರ್ಕೇ ಬೇಡ, ಬ್ರೌಸರ್‌ನಲ್ಲೇ ಇರೋ ಫ್ಲೆಕ್ಸ್‌ಬಾಕ್ಸ್, ಗ್ರಿಡ್ ಸಾಕು.

ಕಾಮರ್ಸ್ ಓದಿದವನು, ಉಚಿತ ಅಂದ್ರೂ ಖರ್ಚು ಹುಡುಕ್ತೀನಿ. ಇಲ್ಲಿ ಖರ್ಚು ಎರಡು. ಒಂದು, ಕೇಳುಗರ ಡೇಟಾ ಮತ್ತು ಕಾಯೋ ಹೊತ್ತು. ಇನ್ನೊಂದು, ಆಮೇಲೆ ರಿಪೇರಿ ಮಾಡೋಕೆ ಬೇಕಾದ ನಿಮ್ಮ ಸಮಯ. ನನಗೆ ಎರಡನೆಯದೇ ದೊಡ್ಡದಾಗಿತ್ತು. ನನಗೆ ಕೈಕೊಟ್ಟರೆ ನೋಡಿಕೊಳ್ಳೋ ಗೆಳೆಯನಿಗೆ ಬೂಟ್‌ಸ್ಟ್ರಾಪ್ ಗೊತ್ತು, ಹಾಗಾಗಿ ಅದನ್ನೇ ಆರಿಸಿದೆ. ನಿಮ್ಮ ಗೆಳೆಯನಿಗೆ ಟೇಲ್‌ವಿಂಡ್ ಗೊತ್ತಿದ್ರೆ ನಿಮ್ಮ ಉತ್ತರ ಬೇರೆ ಇರಬಹುದು.

ಯಾವುದನ್ನೇ ತಗೊಳ್ಳಿ, ಕನ್ನಡಕ್ಕೆ ಎರಡು ತಿದ್ದುಪಡಿ ಮಾಡಿ. ಬೂಟ್‌ಸ್ಟ್ರಾಪ್‌ನಲ್ಲಿ ಶೀರ್ಷಿಕೆಗಳ ಸಾಲಿನ ಎತ್ತರ 1.2 ಇರುತ್ತೆ, ಟೇಲ್‌ವಿಂಡ್‌ನ ತುಂಬಾ ದೊಡ್ಡ ಅಕ್ಷರಗಳಿಗೆ 1. ಇಂಗ್ಲಿಷ್‌ಗೆ ಇದು ಚೆಂದ, ನಮ್ಮ ಒತ್ತಕ್ಷರಕ್ಕೆ ಇಕ್ಕಟ್ಟು. ನಾನು 1.5 ಮಾಡ್ಕೊಂಡೆ. ಇನ್ನು ಉದ್ದ ಪದ ಮುರಿಯೋಕೆ ಬೂಟ್‌ಸ್ಟ್ರಾಪ್‌ನಲ್ಲಿ 'ಟೆಕ್ಸ್ಟ್-ಬ್ರೇಕ್' ಅನ್ನೋ ಕ್ಲಾಸ್ ಇದೆ. ಅದಕ್ಕಿಂತ ಒಳ್ಳೇದು, ಪದವನ್ನೇ ಬಿಡಿಸಿ ಬರೆಯೋದು: 'ಉಳಿತಾಯ ಮಾಡಬೇಕು ಅಂದುಕೊಂಡವರಿಗೆ'.

ಆಯ್ಕೆ ಮಾಡೋ ಮುಂಚೆ ಒಂದು ಸಂಜೆ ಬಿಡುವು ಮಾಡ್ಕೊಳ್ಳಿ. ಒಂದೇ ಪುಟವನ್ನ ಎರಡು ಫ್ರೇಮ್‌ವರ್ಕ್‌ನಲ್ಲಿ ಕಟ್ಟಿ, ನಿಮ್ಮದೇ ಕನ್ನಡ ಬರಹ ಹಾಕಿ. ವೈಫೈ ಆಫ್ ಮಾಡಿ, ಮನೆಯಲ್ಲಿರೋ ಅತಿ ಹಳೇ ಫೋನ್‌ನಲ್ಲಿ ತೆಗೀರಿ. ಫೋನ್ ಸೆಟ್ಟಿಂಗ್ಸ್‌ನಲ್ಲಿ ಅಕ್ಷರ ದೊಡ್ಡದು ಮಾಡಿಯೂ ನೋಡಿ, ಅಮ್ಮನ ಫೋನ್‌ನಲ್ಲಿ ಹಾಗೇ ಇತ್ತು. ಹೆಬ್ಬೆರಳಿಗೆ ಪ್ಲೇ ಬಟನ್ ಸಿಗುತ್ತಾ? ಒತ್ತು ಪೂರ್ತಿ ಕಾಣುತ್ತಾ? ಆ ಸಂಜೆ ನಾನು ಮೊದಲೇ ಕೊಟ್ಟಿದ್ರೆ ಎರಡು ವಾರದ ಕೆಲಸ ಮತ್ತೆ ಮಾಡೋದು ತಪ್ತಿತ್ತು.

ಹೊಸ ಸೈಟನ್ನ ಮೊದಲು ಅಮ್ಮನಿಗೇ ಕೊಟ್ಟೆ. ಕೇಳದೇ ಪ್ಲೇ ಒತ್ತಿದ್ರು. "ಧ್ವನಿ ಇನ್ನೂ ಸ್ವಲ್ಪ ಜೋರಿರಬೇಕಿತ್ತು" ಅಂದ್ರು. ಅದರ ಬಗ್ಗೆ ಮುಂದಿನ ಸಂಚಿಕೆಯಲ್ಲಿ ಮಾತಾಡೋಣ.