ಮರೆವಿನ ನಡುವೆಯೂ ಮಾನ ಉಳಿಯಲಿ



ಮನೆಯ ಹಿರಿಯರು ಕೇಳಿದ್ದನ್ನೇ ಮತ್ತೆ ಕೇಳಿದರೆ "ಅರವತ್ತಕ್ಕೆ ಅರಳುಮರಳು" ಎಂದು ನಕ್ಕು ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಈ ಗಾದೆಯಲ್ಲಿ ಸಲುಗೆಯೂ ಇದೆ, ಅಪಾಯವೂ ಇದೆ. ಕನ್ನಡಕವನ್ನು ಎಲ್ಲಿಟ್ಟೆನೆಂದು ಮರೆಯುವುದು ವಯೋಸಹಜ. ಆದರೆ ಕನ್ನಡಕವನ್ನು ಕೈಯಲ್ಲಿ ಹಿಡಿದು ಇದು ಏತಕ್ಕೆಂದು ತಿಳಿಯದಿರುವುದು, ನಲವತ್ತು ವರ್ಷ ಮಾಡಿದ ಸಾರಿನ ಕ್ರಮ ತಪ್ಪುವುದು, ತಮ್ಮದೇ ಬೀದಿಯಲ್ಲಿ ದಾರಿ ತಪ್ಪುವುದು ವಯಸ್ಸಿನ ಸಹಜ ಲಕ್ಷಣಗಳಲ್ಲ. ಇವು ಮೆದುಳಿನ ಕಾಯಿಲೆಯ ಸೂಚನೆಗಳಾಗಿರಬಹುದು. ವೈದ್ಯರು ಇದನ್ನು ಡಿಮೆನ್ಷಿಯಾ ಎಂದು ಕರೆಯುತ್ತಾರೆ. ಮರೆಗುಳಿ ರೋಗವೆಂಬ ಹೆಸರೂ ಬಳಕೆಯಲ್ಲಿದೆ.

ಇದರ ಅತಿ ಸಾಮಾನ್ಯ ಬಗೆಯನ್ನು ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್ ಅವರು 1906ರಲ್ಲಿ ವಿವರಿಸಿದರು. ಮೆದುಳಿನ ರಕ್ತನಾಳಗಳು ಕೆಡುವುದರಿಂದ ಬರುವ ಬಗೆಯೂ ಉಂಟು. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡ 7.4ರಷ್ಟು ಜನ, ಅಂದರೆ ಸುಮಾರು 88 ಲಕ್ಷ ಮಂದಿ, ಡಿಮೆನ್ಷಿಯಾಕ್ಕೆ ಒಳಗಾಗಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಅಂದಾಜು ಮಾಡಿದೆ. ಇವರಲ್ಲಿ ಹೆಚ್ಚಿನವರ ಆರೈಕೆ ನಡೆಯುತ್ತಿರುವುದು ಮನೆಗಳಲ್ಲಿಯೇ.

ಮೊದಲ ಕರ್ತವ್ಯ ತಪಾಸಣೆ. ಥೈರಾಯಿಡ್ ಕೊರತೆ, ಬಿ-12 ಜೀವಸತ್ವದ ಕೊರತೆ, ಖಿನ್ನತೆ ಹಾಗೂ ಕೆಲವು ಔಷಧಿಗಳ ಪರಿಣಾಮ ಸಹ ಮರೆವನ್ನು ತರಬಲ್ಲವು. ಇವುಗಳಿಗೆ ಚಿಕಿತ್ಸೆ ಉಂಟು. ಕಿವಿ ಮಂದವಾದವರನ್ನು ಬುದ್ಧಿ ಮಂದವಾದವರೆಂದು ಭಾವಿಸುವುದೂ ಉಂಟು. ಆದ್ದರಿಂದ ತಪಾಸಣೆಗೆ ಮುನ್ನವೇ ತೀರ್ಮಾನಕ್ಕೆ ಬರುವುದು ಹಿರಿಯರಿಗೆ ಮಾಡುವ ಅನ್ಯಾಯ. ಇನ್ನೊಂದು ಮಾತು: ನಿನ್ನೆಯವರೆಗೆ ಶಾಂತರಾಗಿದ್ದವರು ಇಂದು ಒಮ್ಮೆಗೇ ಗೊಂದಲಕ್ಕೀಡಾದರೆ ಮೂತ್ರದ ಸೋಂಕು, ಮಲಬದ್ಧತೆ ಅಥವಾ ಹೇಳಿಕೊಳ್ಳಲಾಗದ ನೋವು ಕಾರಣವಿರಬಹುದು. ಅದನ್ನು ಹಟವೆಂದು ಗದರದೆ ವೈದ್ಯರಿಗೆ ತೋರಿಸಬೇಕು.

ಕಾಯಿಲೆ ಖಚಿತವಾದ ಮೇಲೆ ಏನು ಉಳಿಯುತ್ತದೆ? ಬ್ರಿಟನ್ನಿನ ಟಾಮ್ ಕಿಟ್‌ವುಡ್ ಎಂಬ ವಿದ್ವಾಂಸರು 1997ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ರೋಗಿಯಲ್ಲಿ ರೋಗವನ್ನಷ್ಟೇ ಕಾಣದೆ ವ್ಯಕ್ತಿಯನ್ನು ಕಾಣಬೇಕೆಂದು ವಾದಿಸಿದರು. ಮಗುವಿನಂತೆ ನಡೆಸಿಕೊಳ್ಳುವುದು, ಎದುರಿನಲ್ಲಿಯೇ ಅವರಿಲ್ಲವೆಂಬಂತೆ ಮಾತನಾಡುವುದು, ಅಣಕಿಸುವುದು, ಅವರ ವೇಗಕ್ಕೆ ಮೀರಿ ಅವಸರಪಡಿಸುವುದು – ಒಳ್ಳೆಯ ಮನಸ್ಸಿನವರಿಂದಲೂ ಇಂಥ ಘಾಸಿಯಾಗುತ್ತದೆಂದು ಅವರು ತೋರಿಸಿಕೊಟ್ಟರು. ನೆನಪು ಹೋದರೂ ಅವಮಾನದ ನೋವು ಹೋಗುವುದಿಲ್ಲ. ಗದರಿದ ಮಾತು ಮರೆತುಹೋಗಬಹುದು. ಆ ಮಾತು ತಂದ ಭಯ ಬಹಳ ಹೊತ್ತು ಉಳಿಯುತ್ತದೆ.

ಮಾನವೆಂಬುದು ನಿತ್ಯದ ಸಣ್ಣ ಕೆಲಸಗಳಲ್ಲಿಯೇ ಉಳಿಯಬೇಕು. ಸ್ನಾನವನ್ನು ತೆಗೆದುಕೊಳ್ಳಿ. ಬಾಳಿನುದ್ದಕ್ಕೂ ಮರೆಯಲ್ಲಿ ಮೈ ತೊಳೆದ ತಾಯಿಗೆ ಬೇರೊಬ್ಬರು ಸೀರೆ ಬಿಚ್ಚುವುದು ಆಕ್ರಮಣವೆಂದೇ ತೋರುತ್ತದೆ. ಬಾಗಿಲು ಮುಚ್ಚಿ, ಮೈಮೇಲೆ ಒಂದು ಟವಲು ಹೊದಿಸಿ, ಮುಂದೆ ಮಾಡಲಿರುವುದನ್ನು ಒಂದೊಂದಾಗಿ ತಿಳಿಸಿ, ಚೊಂಬನ್ನು ಅವರ ಕೈಗೇ ಕೊಟ್ಟು ನೋಡಿ. ಒಪ್ಪದಿದ್ದರೆ ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಬಹುದು. ಉಡುಪಿನಲ್ಲಿ ಎರಡನ್ನು ಮುಂದಿಟ್ಟು ಯಾವುದು ಬೇಕೆಂದು ಕೇಳಿ. ತುತ್ತು ಎತ್ತಿ ತಿನ್ನಬಲ್ಲವರಿಗೆ ಚೆಲ್ಲಿದರೂ ಚಿಂತೆಯಿಲ್ಲ, ತಾವೇ ಉಣ್ಣಲು ಬಿಡಿ. ಸೊಪ್ಪು ಬಿಡಿಸುವುದು, ಹೂ ಕಟ್ಟುವುದು, ಬಟ್ಟೆ ಮಡಿಸುವುದು ಕೈಗೆ ಅಭ್ಯಾಸವಾದ ಕೆಲಸಗಳು. ತಾನಿನ್ನೂ ಮನೆಗೆ ಬೇಕಾದವಳೆಂಬ ಭಾವವನ್ನು ಅವು ಕಾಪಾಡುತ್ತವೆ.

ಸಂಜೆಯ ವೇಳೆ "ಮನೆಗೆ ಹೋಗೋಣ" ಎಂದು ಹಿರಿಯರು ಹಟ ಹಿಡಿಯುವುದುಂಟು. "ಇದೇ ಮನೆಯಲ್ಲವೇ" ಎಂದು ವಾದಿಸಿದರೆ ಕಳವಳ ಹೆಚ್ಚುತ್ತದೆ. ಅವರು ಕೇಳುತ್ತಿರುವುದು ಬಹುಶಃ ತವರಿನ ಜಗಲಿಯನ್ನು, ಅಲ್ಲಿನ ನೆಮ್ಮದಿಯನ್ನು. "ನಿಮ್ಮ ಮನೆಯ ಅಂಗಳದಲ್ಲಿ ಏನಿತ್ತು, ಹೇಳಿ" ಎಂದು ಕೇಳಿ, ದೀಪ ಹಚ್ಚಿ, ಕೈ ಹಿಡಿದು ನಾಲ್ಕು ಹೆಜ್ಜೆ ನಡೆದರೆ ಅನೇಕ ವೇಳೆ ಶಾಂತರಾಗುತ್ತಾರೆ.

ಹೊರನಾಡಿನ ಕನ್ನಡಿಗರಾದ ನಮಗೆ ಒಂದು ವಿಶೇಷ ಸಂಗತಿಯಿದೆ. ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ 648 ಮಂದಿ ಡಿಮೆನ್ಷಿಯಾ ರೋಗಿಗಳನ್ನು ಕುರಿತು ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗವು ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಇದು ಸಮಾಧಾನದ ಸಂಗತಿ. ಆದರೆ ರೋಗ ಬಂದ ಮೇಲೆ, ತಡವಾಗಿ ಕಲಿತ ಭಾಷೆ ಮೊದಲು ಸಡಿಲವಾಗುವುದು ಅನೇಕರಲ್ಲಿ ಕಂಡುಬರುತ್ತದೆ. ನನ್ನ ಸೋದರಮಾವ ಮೂವತ್ತೈದು ವರ್ಷ ದೆಹಲಿಯಲ್ಲಿ ಹಿಂದಿಯಲ್ಲೇ ವ್ಯವಹರಿಸಿದವರು. ಕೊನೆಯ ವರ್ಷಗಳಲ್ಲಿ ಶುಶ್ರೂಷೆಯ ಹೆಂಗಸಿನೊಂದಿಗೆ ಧಾರವಾಡದ ಕನ್ನಡವನ್ನಷ್ಟೇ ಆಡುತ್ತಿದ್ದರು. ಆಕೆಗೆ ಅದು ಅರ್ಥವಾಗದೆ, "ಬಾಬೂಜಿ ಏನೇನೋ ಬಡಬಡಿಸುತ್ತಾರೆ" ಎಂದಳು. ಅವರು ಕೇಳುತ್ತಿದ್ದುದು ನೀರನ್ನು. ನೀರು, ಊಟ, ನೋವು, ಬಚ್ಚಲು, ಸಾಕು – ಇಂಥ ಇಪ್ಪತ್ತು ಕನ್ನಡ ಪದಗಳನ್ನು ಹಿಂದಿ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸಿದ ಮೇಲೆ ಆ ಮನೆಯಲ್ಲಿ ಕೂಗಾಟ ಬಹಳಷ್ಟು ಕಡಿಮೆಯಾಯಿತು. ಮುಂಬಯಿ, ಪುಣೆ, ಚೆನ್ನೈಗಳಲ್ಲಿರುವವರೂ ತಮ್ಮ ಆರೈಕೆಗಾರರಿಗೆ ಅವರವರ ಲಿಪಿಯಲ್ಲಿ ಹೀಗೆ ಬರೆದುಕೊಡಬಹುದು. ಜ್ಞಾಪಕಶಕ್ತಿಯ ಪರೀಕ್ಷೆಯೂ ಮಾತೃಭಾಷೆಯಲ್ಲಿ ನಡೆಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಸಿದ್ಧಪಡಿಸಿರುವ ಪರೀಕ್ಷಾ ಸಾಧನ ಕನ್ನಡದಲ್ಲಿಯೂ ಇದೆ, ವೈದ್ಯರನ್ನು ವಿಚಾರಿಸಿ.

ಹಣಕಾಸಿನ ವಿಷಯದಲ್ಲಿಯೂ ಮಾನದ ಪ್ರಶ್ನೆ ಅಡಗಿದೆ. ರೋಗದ ಆರಂಭದಲ್ಲಿ ಹಿರಿಯರಿಗೆ ತಮ್ಮ ಇಚ್ಛೆಯನ್ನು ಹೇಳುವ ಶಕ್ತಿ ಇರುತ್ತದೆ. ಉಯಿಲು, ನಾಮನಿರ್ದೇಶನ, ಜಂಟಿ ಖಾತೆಗಳ ಏರ್ಪಾಟು ಆಗಲೇ, ಅವರ ಸಮ್ಮುಖದಲ್ಲಿಯೇ ಆಗಬೇಕು. 1872ರ ಕರಾರು ಕಾಯಿದೆಯ ಪ್ರಕಾರ ಅಧಿಕಾರ ಪತ್ರ ಕೊಟ್ಟವರ ಬುದ್ಧಿಸ್ಥಿರತೆ ತಪ್ಪಿದಾಗ ಆ ಅಧಿಕಾರ ಕೊನೆಗೊಳ್ಳುತ್ತದೆ; ಆದ್ದರಿಂದ ಅದೊಂದನ್ನೇ ನಂಬಿ ಕೂರಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 5ನೆಯ ಪ್ರಕರಣವು, ಮುಂದೆ ತಮಗೆ ಯಾವ ಬಗೆಯ ಆರೈಕೆ ಬೇಕು, ಯಾವುದು ಬೇಡ, ತಮ್ಮ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ಮುಂಚಿತವಾಗಿ ಬರೆದಿಡುವ ಹಕ್ಕನ್ನು ವಯಸ್ಕರಿಗೆ ನೀಡಿದೆ.

ಕೊನೆಯದಾಗಿ ಆರೈಕೆ ಮಾಡುವವರ ಮಾತು. ನಮ್ಮ ಮನೆಗಳಲ್ಲಿ ಈ ಹೊರೆ ಬಹುಪಾಲು ಹೆಂಡತಿ, ಮಗಳು ಇಲ್ಲವೇ ಸೊಸೆಯ ಹೆಗಲಿಗೇ ಬೀಳುತ್ತದೆ. ರಾತ್ರಿಯೆಲ್ಲ ನಿದ್ರೆಗೆಟ್ಟವರಲ್ಲಿ ಹಗಲು ತಾಳ್ಮೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಗಂಡಸರೂ ಮಕ್ಕಳೂ ಸರದಿಯಂತೆ ಕುಳಿತು, ಆಕೆಗೆ ವಾರಕ್ಕೊಂದು ಅರ್ಧ ದಿನವಾದರೂ ಪೂರ್ಣ ಬಿಡುವು ಕೊಡಬೇಕು. ಊರಿನ ಕನ್ನಡ ಸಂಘದವರು ವಾರಕ್ಕೊಮ್ಮೆ ಬಂದು ಹಿರಿಯರೊಂದಿಗೆ ಒಂದು ಗಂಟೆ ಕನ್ನಡದಲ್ಲಿ ಮಾತನಾಡಿದರೆ ಅದು ರಾಜ್ಯೋತ್ಸವದಷ್ಟೇ ದೊಡ್ಡ ಸೇವೆ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಇದು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ದೊರೆಯುತ್ತದೆ. 1992ರಲ್ಲಿ ಕೇರಳದಲ್ಲಿ ಆರಂಭವಾದ ಆಲ್‌ಝೈಮರ್ಸ್ ಮತ್ತು ಸಂಬಂಧಿತ ರೋಗಗಳ ಭಾರತೀಯ ಸಂಘಕ್ಕೆ ಅನೇಕ ನಗರಗಳಲ್ಲಿ ಶಾಖೆಗಳಿವೆ. ನೆರವು ಕೇಳುವುದರಲ್ಲಿ ಮನೆತನದ ಗೌರವಕ್ಕೆ ಯಾವ ಕುಂದೂ ಇಲ್ಲ.

ನಮ್ಮ ಹೆಸರನ್ನು ಅವರು ಮರೆತ ದಿನವೂ ನಾವು ಅವರನ್ನು ಹೆಸರಿಟ್ಟು, ಬಹುವಚನದಲ್ಲಿ, ಮೊದಲಿನ ಸಂಬಂಧದಿಂದಲೇ ಕರೆಯೋಣ. ಇದಕ್ಕೆ ಔಷಧಿಯ ಚೀಟಿ ಬೇಕಿಲ್ಲ, ಇಂದಿನಿಂದಲೇ ಆರಂಭಿಸಬಹುದು.