ಮನೆಗಂದಾಯದ ರಸೀತಿ



ಏಪ್ರಿಲ್ ತಿಂಗಳು ಬಂತೆಂದರೆ ನನ್ನಂತಹ ಗೃಹಸ್ಥರಲ್ಲಿ ನಾಗರಿಕ ಪ್ರಜ್ಞೆ ಇದ್ದಕ್ಕಿದ್ದಂತೆ ಜಾಗೃತವಾಗುತ್ತದೆ. ಆ ತಿಂಗಳೊಳಗೆ ಮನೆಗಂದಾಯ ಕಟ್ಟಿದವರಿಗೆ ಪುರಸಭೆಯು ನೂರಕ್ಕೆ ೫ರಷ್ಟು ರಿಯಾಯಿತಿ ಕೊಡುವುದೇ ಇದಕ್ಕೆ ಕಾರಣವೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಹಿಂದಿನ ವರ್ಷವೂ ಮೊದಲ ವಾರದಲ್ಲಿಯೇ ಹಣ ಕಟ್ಟಿ ಹೊರಬಂದೆ. ಮಳೆ ಹಿಡಿದುಕೊಂಡಿತು. ಜಗಲಿಯಲ್ಲಿ ನಿಂತು, ಬೇರೆ ಕೆಲಸವಿಲ್ಲದೆ, ರಸೀತಿಯನ್ನು ಓದಿದೆ.

ತೆರಿಗೆಯ ಮೇಲೆ ಆರೋಗ್ಯ ಕರ ನೂರಕ್ಕೆ ೧೫, ಗ್ರಂಥಾಲಯ ಕರ ೬, ಭಿಕ್ಷುಕರ ಕರ ೩. ಒಟ್ಟು ೨೪. ಪುರಸಭೆ ಇವನ್ನು ವಸೂಲು ಮಾಡಿ ಬೇರೆಯವರಿಗೆ ಒಪ್ಪಿಸಬೇಕಾದ ಹಣ. ರೋಗಿಗೆ, ಓದುಗನಿಗೆ, ಭಿಕ್ಷುಕನಿಗೆ ಅದರಲ್ಲಿ ಸ್ಥಾನವಿದೆ. ಶಾಲೆಯ ಹುಡುಗನಿಗೆ ಇಲ್ಲ. ತಲೆಯೆತ್ತಿ ನೋಡಿದರೆ ಎದುರಿಗೇ ನಾನು ಅಕ್ಷರ ಕಲಿತ ಸರ್ಕಾರಿ ಶಾಲೆ. ಹೆಂಚಿನ ಸಂದಿಯಿಂದ ನೀರು ಸೋರುತ್ತಿತ್ತು. ಪರೀಕ್ಷೆ ಬರೆಯುತ್ತಿದ್ದ ಮಕ್ಕಳು ಮಣೆಗಳನ್ನು ಗೋಡೆಯ ಕಡೆಗೆ ಎಳೆದುಕೊಳ್ಳುತ್ತಿದ್ದರು.

ಒಳಗೆ ಹಿಂತಿರುಗಿ ಗುಮಾಸ್ತರನ್ನು ಕೇಳಿದೆ. ಅವರು ನಕ್ಕು, “ಶಾಲೆ ನಮ್ಮದಲ್ಲ ಸಾರ್, ಶಿಕ್ಷಣ ಇಲಾಖೆಯದು. ನಮ್ಮದೇನಿದ್ದರೂ ಅದರ ಮುಂದಿನ ಮೋರಿ” ಎಂದರು.

ಮನೆಗೆ ಬಂದು ಕಾನೂನಿನ ಪುಸ್ತಕಗಳನ್ನು ತಿರುವಿ ಹಾಕಿದೆ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಉತ್ತರದ ಜಿಲ್ಲೆಗಳಲ್ಲಿ ೧೯೨೩ರ ಪ್ರಾಥಮಿಕ ಶಿಕ್ಷಣ ಕಾಯ್ದೆಯು ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಒಪ್ಪಿಸಿತ್ತು. ರಾಜ್ಯ ಒಂದಾದ ಮೇಲೆ ಆ ಹೊಣೆ ಬಹುಮಟ್ಟಿಗೆ ಇಲಾಖೆಗೆ ಹೋಯಿತು. ಅದರಿಂದ ಕೇಡೇ ಆಯಿತೆನ್ನುವಂತಿಲ್ಲ. ಅಮೆರಿಕದಲ್ಲಿ ಶಾಲೆಯ ವೆಚ್ಚದ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದಲೇ ಬರುವುದರಿಂದ, ಸಿರಿವಂತರ ಊರಿಗೆ ಸಿರಿವಂತ ಶಾಲೆ, ಬಡವರ ಊರಿಗೆ ಬಡ ಶಾಲೆ ಎಂಬಂತಾಗಿರುವುದುಂಟು. ನಮ್ಮಲ್ಲಿ ಮೇಷ್ಟರ ಸಂಬಳವಾದರೂ ಊರಿನ ಬಡತನವನ್ನು ನೋಡುವುದಿಲ್ಲ.

ಆದರೆ ೧೯೯೩ರಲ್ಲಿ ಜಾರಿಗೆ ಬಂದ ಸಂವಿಧಾನದ ಎರಡು ತಿದ್ದುಪಡಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಪಂಚಾಯತಿಗಳಿಗೆ ವಹಿಸಬಹುದಾದ ೨೯ ವಿಷಯಗಳಲ್ಲಿ ಪ್ರಾಥಮಿಕ, ಪ್ರೌಢ ಶಾಲೆಗಳ ಹೆಸರು ಸ್ಪಷ್ಟವಾಗಿದೆ. ಪಟ್ಟಣಗಳ ೧೮ ವಿಷಯಗಳಲ್ಲಿ ಶಾಲೆಯ ಹೆಸರಿಲ್ಲ. ಸಾಂಸ್ಕೃತಿಕ, ಶೈಕ್ಷಣಿಕ ಅಂಶಗಳನ್ನು ಪ್ರೋತ್ಸಾಹಿಸುವುದೆಂಬ ತೇಲುಮಾತು ಮಾತ್ರ ಇದೆ. ಹಳ್ಳಿಗನಿಗೆ ಎದ್ದು ನಿಂತು ಕೇಳಲು ಗ್ರಾಮಸಭೆಯಿದೆ. ಪಟ್ಟಣದಲ್ಲಿ ವಾರ್ಡು ಸಮಿತಿಯನ್ನು ಸಂವಿಧಾನ ಕಡ್ಡಾಯ ಮಾಡಿರುವುದು ಜನಸಂಖ್ಯೆ ೩ ಲಕ್ಷ ಮುಟ್ಟಿದಲ್ಲಿ. ಇಪ್ಪತ್ತರಿಂದ ಐವತ್ತು ಸಾವಿರ ಜನರ ನಮ್ಮ ಪುರಸಭೆಗಳು ನಡುವೆ ಬಿದ್ದುಹೋದವು.

ಈ ಪಾಂಡಿತ್ಯವನ್ನೆಲ್ಲ ಹೊತ್ತುಕೊಂಡು ಜನವರಿಯಲ್ಲಿ ನಡೆದ ಆಯವ್ಯಯದ ಪೂರ್ವಭಾವಿ ಸಭೆಗೆ ಹೋದೆ. ಸಾರ್ವಜನಿಕರಿಗೆಂದು ಹಾಕಿದ್ದ ಕುರ್ಚಿಗಳು ಅರವತ್ತು. ಬಂದವರು ಒಂಬತ್ತು ಜನ. ನಾನು ಸಂವಿಧಾನವನ್ನು ಕುರಿತು ಹತ್ತು ನಿಮಿಷ ಮಾತನಾಡಿದೆ. ಎಲ್ಲರೂ ಗೌರವದಿಂದ ಕೇಳಿದರು. ಮುಖ್ಯಾಧಿಕಾರಿಗಳು ಒಂದಕ್ಷರವನ್ನೂ ಬರೆದುಕೊಳ್ಳಲಿಲ್ಲ.

ಆಮೇಲೆ ಸಂತೆಬೀದಿಯಲ್ಲಿ ಹೂವು ಮಾರುವ ಅಜ್ಜಿಯೊಬ್ಬರು ಎದ್ದರು. “ಸಾಮಿ, ಇಸ್ಕೂಲ್ ಮುಂದ್ಲ ಮೋರಿ ಮಳೆ ಬಂದ್ರೆ ಒಳಕ್ಕೇ ನುಗ್ತದೆ. ನಮ್ಮ ಮೊಮ್ಮಗಳು ಚಪ್ಪಲಿ ಕೈಲಿ ಹಿಡ್ಕಂಡು ಹೋಯ್ತಾಳೆ. ಕಂದಾಯ ನಾವೂ ಕಟ್ತೀವಲ್ಲ?” ಎಂದು ಕುಳಿತುಬಿಟ್ಟರು. ಮುಖ್ಯಾಧಿಕಾರಿಗಳು ಪೆನ್ನು ತೆಗೆದು ಬರೆದುಕೊಂಡರು.

ಅಧ್ಯಕ್ಷರು ಉತ್ತರ ಹೇಳುತ್ತ, “ಮಾಡೋಣ ತಾಯಿ. ಆದರೆ ಎಷ್ಟೋ ಮನೆಗಳವರು ಕಟ್ಟುವುದೇ ಇಲ್ಲ, ಕಟ್ಟುವವರು ಅಳತೆ ಕಡಮೆ ಬರೆಯುತ್ತಾರೆ” ಎಂದರು. ನನ್ನ ಕಿವಿ ಬಿಸಿಯಾಯಿತು. ೨೦೦೨ರಿಂದ ನಮ್ಮ ಪಟ್ಟಣಗಳಲ್ಲಿ ತೆರಿಗೆಯನ್ನು ಮನೆಯ ಯಜಮಾನನೇ ಲೆಕ್ಕ ಹಾಕಿ ಘೋಷಿಸುವ ಪದ್ಧತಿ ಬಂದಿದೆಯಷ್ಟೆ. ನಮ್ಮ ಮನೆಯ ಮಹಡಿಯ ಮೇಲೆ ಮಗನ ಓದಿಗೆಂದು ಕಟ್ಟಿಸಿದ ಕೋಣೆಯೊಂದಿದೆ. ಮಗ ಓದಿ, ಕೆಲಸ ಹಿಡಿದು, ದೂರದ ಊರು ಸೇರಿ ಹನ್ನೊಂದು ವರ್ಷವಾಯಿತು. ಆ ಕೋಣೆ ಮಾತ್ರ ನನ್ನ ಘೋಷಣೆಯಲ್ಲಿ ಒಮ್ಮೆಯೂ ಕಾಣಿಸಿಕೊಂಡಿರಲಿಲ್ಲ. ಅಜ್ಜಿ ತನ್ನ ಪಾಲು ಕಟ್ಟಿ ಪ್ರಶ್ನೆ ಕೇಳಿದ್ದಳು. ನಾನು ಪಾಲು ಮುಚ್ಚಿಟ್ಟು ಭಾಷಣ ಮಾಡಿದ್ದೆ.

ಈ ಏಪ್ರಿಲಿನಲ್ಲಿ ಕೋಣೆಯನ್ನು ಅಳೆದು ಬರೆದೆ. ಬಾಕಿಯನ್ನು ದಂಡಸಹಿತ ಕಟ್ಟುತ್ತೇನೆಂದಾಗ ಗುಮಾಸ್ತರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಇದನ್ನು ದೊಡ್ಡ ಸಾಧನೆಯೆಂದು ಹೇಳುತ್ತಿಲ್ಲ. ಪ್ರಶ್ನೆ ಕೇಳುವ ಮೊದಲು ಇಡಬೇಕಾದ ಠೇವಣಿ, ಅಷ್ಟೆ.

ಮೋರಿಯ ಕೆಲಸ ಈಗ ಅರ್ಧ ಆಗಿದೆ. ಹೆಂಚಿನ ವಿಚಾರ ಶಾಲೆಯ ಮೇಲುಸ್ತುವಾರಿ ಸಮಿತಿಯಿಂದ ಇಲಾಖೆಗೆ ಹೋಗಿದೆ. ಉಳಿದರ್ಧ ಮೋರಿಯನ್ನು ವಿಚಾರಿಸಲು ಬರುವ ಜನವರಿಯಲ್ಲಿ ಮತ್ತೆ ಸಭೆಗೆ ಹೋಗುತ್ತೇನೆ. ನಿಮ್ಮ ಊರಿನಲ್ಲಿಯೂ ಅಂತಹ ಸಭೆ ನಡೆಯುತ್ತಿರಬಹುದು. ಕುರ್ಚಿಗಳು ಖಾಲಿಯಿರುತ್ತವೆ, ಹೋಗಿ ಕುಳಿತುಕೊಳ್ಳಿ.